ದಾಂಡಿಗನ ಸರಾಸರಿ: ಅಂಕಿಗಳನ್ನು ಓದುವ ಬಗೆ

೧೯೪೮ರ ಡಿಸೆಂಬರ್ ತಿಂಗಳಲ್ಲಿ ಪುಣೆಯಲ್ಲಿ ಮಹಾರಾಷ್ಟ್ರ ಮತ್ತು ಕಾಠಿಯಾವಾಡ ತಂಡಗಳ ನಡುವೆ ರಣಜಿ ಟ್ರೋಫಿ ಪಂದ್ಯವೊಂದು ನಡೆಯಿತು. ಕಾಠಿಯಾವಾಡದ ೨೩೮ ರನ್ನುಗಳಿಗೆ ಉತ್ತರವಾಗಿ ಮಹಾರಾಷ್ಟ್ರವು ನಾಲ್ಕೇ ವಿಕೆಟ್ಟುಗಳ ನಷ್ಟಕ್ಕೆ ೮೨೬ ರನ್ನುಗಳನ್ನು ಕೂಡಿಹಾಕಿತು. ಅದರಲ್ಲಿ ಕೊಲ್ಲಾಪುರದ ಭಾವೂಸಾಹೇಬ ನಿಂಬಾಳ್ಕರರೊಬ್ಬರದೇ ೪೪೩. ಅವರು ಔಟಾಗಿಯೂ ಇರಲಿಲ್ಲ. ಡಾನ್ ಬ್ರಾಡ್‌ಮನ್ನರ ೪೫೨ರ ವಿಶ್ವದಾಖಲೆಯನ್ನು ಮುಟ್ಟಲು ಒಂಬತ್ತು ರನ್ನು, ಮೀರಲು ಹತ್ತು ರನ್ನು ಬೇಕಾಗಿದ್ದಾಗ ಎದುರು ಪಕ್ಷದ ನಾಯಕರು ಆಟ ಮುಂದುವರಿಸಲೊಪ್ಪದೆ ಪಂದ್ಯವನ್ನೇ ಬಿಟ್ಟುಕೊಟ್ಟರು. ಆ ಇನಿಂಗ್ಸ್ ಅಲ್ಲಿಗೇ ನಿಂತಿತು. ಅದು ಮುಂದುವರಿದಿದ್ದರೆ ಎಲ್ಲಿಗೆ ಮುಟ್ಟುತ್ತಿತ್ತೆಂಬುದನ್ನು ಯಾರೂ ಹೇಳಲಾರರು.

ಹೀಗೆ ಅರ್ಧಕ್ಕೆ ನಿಂತ ಆಟವನ್ನು ಲೆಕ್ಕದಲ್ಲಿ ಹೇಗೆ ಸೇರಿಸಬೇಕು? ಈ ಪ್ರಶ್ನೆ ಕ್ರೀಡಾಪ್ರೇಮಿಗಳಿಗೆ ಮಾತ್ರ ಸಂಬಂಧಿಸಿದುದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಇದೇ ಪ್ರಶ್ನೆಯನ್ನು ಆಸ್ಪತ್ರೆಗಳಲ್ಲಿ ವೈದ್ಯರೂ ಎದುರಿಸುತ್ತಾರೆ. ಆದುದರಿಂದ ದಾಂಡಿಗನ ಸರಾಸರಿಯನ್ನು ಸರಿಯಾಗಿ ಓದಲು ಕಲಿತವನು ವೈದ್ಯರು ಹೇಳುವ ಅಂಕಿಗಳನ್ನೂ ಗಾಬರಿಯಿಲ್ಲದೆ ಓದಬಲ್ಲನು.

ಸರಾಸರಿಯೆಂದರೇನು?

ಕ್ರಿಕೆಟ್ಟಿನಲ್ಲಿ ಬ್ಯಾಟಿಂಗ್ ಸರಾಸರಿಯೆಂದರೆ ಒಬ್ಬ ದಾಂಡಿಗನು ಗಳಿಸಿದ ಒಟ್ಟು ರನ್ನುಗಳನ್ನು ಅವನು ಔಟಾದ ಸಲಗಳಿಂದ ಭಾಗಿಸಿದಾಗ ಬರುವ ಸಂಖ್ಯೆ. ಆಡಿದ ಇನಿಂಗ್ಸ್‌ಗಳಿಂದ ಭಾಗಿಸುವುದಿಲ್ಲವೆಂಬುದನ್ನು ಗಮನಿಸಬೇಕು. ಕರ್ನಾಟಕದ ಗುಂಡಪ್ಪ ವಿಶ್ವನಾಥರು ೯೧ ಟೆಸ್ಟ್ ಪಂದ್ಯಗಳಲ್ಲಿ ೧೫೫ ಇನಿಂಗ್ಸ್ ಆಡಿ ೬,೦೮೦ ರನ್ನು ಗಳಿಸಿದರು. ಹತ್ತು ಸಲ ಅವರು ಔಟಾಗಲಿಲ್ಲ. ಆದುದರಿಂದ ೬,೦೮೦ನ್ನು ೧೪೫ರಿಂದ ಭಾಗಿಸಬೇಕು. ಬರುವ ಸರಾಸರಿ ೪೧.೯೩. ೧೫೫ರಿಂದ ಭಾಗಿಸಿದ್ದರೆ ಅದು ೩೯.೨೩ಕ್ಕೆ ಇಳಿಯುತ್ತಿತ್ತು.

ಈ ಪದ್ಧತಿಯ ಹಿಂದೆ ಒಂದು ನ್ಯಾಯವಿದೆ. ಔಟಾಗದೆ ಉಳಿದ ದಾಂಡಿಗನ ಆಟ ಮುಗಿದಿಲ್ಲ. ಜೊತೆಗಾರರು ತೀರಿದ್ದರಿಂದಲೋ ಗುರಿ ಮುಟ್ಟಿದ್ದರಿಂದಲೋ ಅದು ನಿಂತಿದೆ. ಮುಗಿಯದುದನ್ನು ಮುಗಿದುದೆಂದು ಎಣಿಸಿದರೆ ಅವನಿಗೆ ಅನ್ಯಾಯವಾಗುತ್ತದೆ. ನಿಂಬಾಳ್ಕರರ ೪೪೩ ಮೇಲಿನ ಅಂಕಿಗೆ ಪೂರ್ತಿಯಾಗಿ ಸೇರುತ್ತದೆ, ಕೆಳಗಿನ ಅಂಕಿಗೆ ಏನನ್ನೂ ಸೇರಿಸುವುದಿಲ್ಲ. ಪ್ರಥಮ ದರ್ಜೆಯ ೮೦ ಪಂದ್ಯಗಳಲ್ಲಿ ಅವರು ಗಳಿಸಿದ್ದು ೪,೮೪೧ ರನ್ನು, ಸರಾಸರಿ ೪೭.೯೩. ಆ ಒಂದು ಇನಿಂಗ್ಸನ್ನು ತೆಗೆದುಬಿಟ್ಟರೆ ಸರಾಸರಿ ಸುಮಾರು ೪೩.೫ಕ್ಕೆ ಇಳಿಯುತ್ತದೆ. ಇಷ್ಟಾದರೂ ಅವರಿಗೆ ಭಾರತದ ಪರವಾಗಿ ಅಧಿಕೃತ ಟೆಸ್ಟ್ ಪಂದ್ಯವೊಂದನ್ನು ಆಡುವ ಭಾಗ್ಯ ದೊರೆಯಲೇ ಇಲ್ಲ.

ಸರಾಸರಿ ದಾರಿತಪ್ಪಿಸುವ ಸಂದರ್ಭ

ಇದೇ ನ್ಯಾಯವು ಅತಿಯಾದಾಗ ಹಾಸ್ಯಾಸ್ಪದವಾಗುವುದೂ ಉಂಟು. ಆಸ್ಟ್ರೇಲಿಯದ ಬಿಲ್ ಜಾನ್ಸ್ಟನ್ ಬೋಲರ್ ಆಗಿದ್ದವರು. ಬ್ಯಾಟಿಂಗಿಗೆ ಕಟ್ಟಕಡೆಯಲ್ಲಿ ಬರುತ್ತಿದ್ದರು. ೧೯೫೩ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ೧೭ ಇನಿಂಗ್ಸ್‌ಗಳಲ್ಲಿ ಗಳಿಸಿದ್ದು ಕೇವಲ ೧೦೨ ರನ್ನು. ಆದರೆ ಔಟಾದುದು ಒಂದೇ ಸಲ. ಹೀಗಾಗಿ ಅವರ ಸರಾಸರಿ ೧೦೨! ಪಟ್ಟಿಯನ್ನಷ್ಟೇ ನೋಡಿದವನು ಅವರನ್ನು ಮಹಾ ದಾಂಡಿಗರೆಂದು ತಿಳಿದಾನು. ಭಾಜಕವು ತೀರ ಚಿಕ್ಕದಾದಾಗ ಸರಾಸರಿಯನ್ನು ನಂಬಬಾರದೆಂಬುದು ಇದರ ಪಾಠ.

ಎರಡನೆಯದಾಗಿ, ಸರಾಸರಿಯು ವೇಗವನ್ನು ಹೇಳುವುದಿಲ್ಲ. ರಾಹುಲ್ ದ್ರಾವಿಡರು ಟೆಸ್ಟ್‌ಗಳಲ್ಲಿ ೩೧,೨೫೮ ಚೆಂಡುಗಳನ್ನೆದುರಿಸಿ ೧೩,೨೮೮ ರನ್ನು ಗಳಿಸಿದರು, ಸರಾಸರಿ ೫೨.೩೧. ವೀರೇಂದ್ರ ಸೆಹ್ವಾಗರ ಸರಾಸರಿ ೪೯.೩೪. ಎರಡೂ ಹೆಚ್ಚುಕಡಿಮೆ ಸಮೀಪದ ಸಂಖ್ಯೆಗಳೇ. ಆದರೆ ನೂರು ಚೆಂಡುಗಳಿಗೆ ದ್ರಾವಿಡರು ಗಳಿಸಿದ್ದು ೪೨.೫ ರನ್ನು, ಸೆಹ್ವಾಗರು ೮೨.೨. ಒಬ್ಬರು ಎದುರಾಳಿಯನ್ನು ದಣಿಸಿದರು, ಇನ್ನೊಬ್ಬರು ಕಂಗೆಡಿಸಿದರು. ತಂಡಕ್ಕೆ ಇಬ್ಬರೂ ಬೇಕು. ಸರಾಸರಿಯೆಂಬ ಒಂದೇ ಅಂಕಿ ಈ ಭೇದವನ್ನು ಮರೆಮಾಡುತ್ತದೆ.

ಮೂರನೆಯದಾಗಿ, ಸಂದರ್ಭ. ೧೯೭೫ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಏಳು ವಿಕೆಟ್ಟುಗಳನ್ನು ಉರುಳಿಸಿದ ಇನಿಂಗ್ಸ್‌ನಲ್ಲಿ ವಿಶ್ವನಾಥರು ಔಟಾಗದೆ ೯೭ ರನ್ನು ಗಳಿಸಿದರು. ಭಾರತದ ಒಟ್ಟು ಮೊತ್ತ ೧೯೦. ಅಂದರೆ ಅರ್ಧಕ್ಕಿಂತ ಹೆಚ್ಚು ಪಾಲು ಅವರೊಬ್ಬರದು. ಆ ಪಂದ್ಯವನ್ನು ಭಾರತ ೧೦೦ ರನ್ನುಗಳಿಂದ ಗೆದ್ದಿತು. ಶತಕಗಳ ಪಟ್ಟಿಯಲ್ಲಿ ಈ ಆಟಕ್ಕೆ ಸ್ಥಳವಿಲ್ಲ. ಆದುದರಿಂದ ತಂಡದ ಮೊತ್ತದಲ್ಲಿ ದಾಂಡಿಗನ ಪಾಲೆಷ್ಟು ಎಂಬುದನ್ನೂ ಕೇಳುವುದು ಉಚಿತ. ವಿಶ್ವನಾಥರು ಶತಕ ಬಾರಿಸಿದ ೧೪ ಟೆಸ್ಟ್ ಪಂದ್ಯಗಳಲ್ಲಿ ಭಾರತ ಒಂದನ್ನೂ ಸೋಲಲಿಲ್ಲ.

ಬೇಸ್‌ಬಾಲಿನ ಪಾಠ

ಅಮೆರಿಕದ ಬೇಸ್‌ಬಾಲಿಗೂ ಸರಾಸರಿಯ ಪರಿಕಲ್ಪನೆ ಕ್ರಿಕೆಟ್ಟಿನ ಪ್ರಭಾವದಿಂದಲೇ ಬಂದುದು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪತ್ರಕರ್ತರಾದ ಹೆನ್ರಿ ಚಾಡ್ವಿಕ್ ಹತ್ತೊಂಬತ್ತನೆಯ ಶತಮಾನದಲ್ಲಿ ಆ ಆಟದ ಅಂಕಿಗಳನ್ನು ಬರೆದಿಡುವ ಕ್ರಮವನ್ನು ರೂಪಿಸಿದರು. ಅಲ್ಲಿ ಹೊಡೆತಗಾರನು ಯಶಸ್ವಿಯಾಗಿ ಹೊಡೆದ ಸಲಗಳನ್ನು ಅವನಿಗೆ ದೊರೆತ ಅವಕಾಶಗಳಿಂದ ಭಾಗಿಸುತ್ತಾರೆ. ೧೯೪೧ರಲ್ಲಿ ಟೆಡ್ ವಿಲಿಯಮ್ಸ್ ೪೫೬ ಅವಕಾಶಗಳಲ್ಲಿ ೧೮೫ ಸಲ ಯಶಸ್ವಿಯಾಗಿ ೦.೪೦೬ ಸಾಧಿಸಿದರು. ಋತುವಿನ ಕೊನೆಯ ದಿನ ಅವರ ಅಂಕಿ ೦.೩೯೯೫೫ ಇತ್ತು, ಆಡದೆ ಕುಳಿತಿದ್ದರೂ ಅದು ೦.೪೦೦ ಎಂದೇ ದಾಖಲಾಗುತ್ತಿತ್ತು. ಅವರು ಆ ದಿನದ ಎರಡು ಪಂದ್ಯಗಳನ್ನೂ ಆಡಿ, ಎಂಟರಲ್ಲಿ ಆರು ಸಲ ಗೆದ್ದು ಆ ಅಂಕಿಯನ್ನು ಹೆಚ್ಚಿಸಿಕೊಂಡರು.

ಈ ಅಂಕಿಗೂ ಒಂದು ಕೊರತೆಯುಂಟು. ಚೆಂಡೆಸೆಯುವವನ ತಪ್ಪು ಎಸೆತಗಳನ್ನು ತಾಳ್ಮೆಯಿಂದ ಬಿಟ್ಟು ಮೊದಲ ನೆಲೆಯನ್ನು ತಲುಪಿದವನಿಗೆ ಇದರಲ್ಲಿ ಪುರಸ್ಕಾರವಿಲ್ಲ. ಆದುದರಿಂದ ನೆಲೆ ತಲುಪಿದ ಪ್ರಮಾಣವನ್ನು ಬೇರೆಯಾಗಿ ಎಣಿಸುವ ಕ್ರಮ ಬೆಳೆದು, ೧೯೮೪ರಲ್ಲಿ ಅಧಿಕೃತ ಅಂಕಿಯಾಯಿತು. ಒಂದು ಅಳತೆಗೋಲು ಸಾಲದೆಂದು ಕಂಡಾಗ ಇನ್ನೊಂದನ್ನು ಅದರ ಪಕ್ಕದಲ್ಲಿರಿಸುವುದೇ ವಿವೇಕ.

ಎಷ್ಟು ಇನಿಂಗ್ಸ್ ಸಾಕು?

೧೯೪೫ರಲ್ಲಿ ಇಂಗ್ಲೆಂಡಿನ ಎಲ್ಡರ್ಟನ್ ಮತ್ತು ವುಡ್ ಎಂಬ ಇಬ್ಬರು ವಿದ್ವಾಂಸರು ಕ್ರಿಕೆಟ್ ಅಂಕಿಗಳನ್ನು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಪರೀಕ್ಷಿಸಿದರು. ಪ್ರತಿಯೊಂದು ರನ್ನಿನ ಹಂತದಲ್ಲಿಯೂ ಔಟಾಗುವ ಅಪಾಯ ಒಂದೇ ಸಮನಾಗಿದೆಯೆಂದು ಊಹಿಸಿಕೊಂಡರೆ, ೪೦ರ ಸರಾಸರಿಯುಳ್ಳ ದಾಂಡಿಗನ ಆಟ ಹೇಗಿರಬೇಕೆಂದು ಲೆಕ್ಕ ಹಾಕಬಹುದು. ಅವನ ಇನಿಂಗ್ಸ್‌ಗಳಲ್ಲಿ ಅರ್ಧದಷ್ಟು ೨೮ಕ್ಕಿಂತ ಕೆಳಗೇ ಮುಗಿಯುತ್ತವೆ. ಐದರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಹತ್ತನ್ನೂ ಮುಟ್ಟುವುದಿಲ್ಲ. ಹನ್ನೆರಡರಲ್ಲಿ ಒಂದು ಮಾತ್ರ ಶತಕವಾಗುತ್ತದೆ. ವಾಸ್ತವದಲ್ಲಿ ಕಣ್ಣು ಕೂಡುವ ಮೊದಲು ಅಪಾಯ ಇನ್ನೂ ಹೆಚ್ಚಾದುದರಿಂದ, ಸೊನ್ನೆಗಳು ಈ ಲೆಕ್ಕಕ್ಕಿಂತ ಅಧಿಕವಾಗಿಯೇ ಬರುತ್ತವೆ.

ಇದರಿಂದ ಹೊರಡುವ ಮುಖ್ಯ ಸಂಗತಿಯೆಂದರೆ, ಕೆಲವೇ ಇನಿಂಗ್ಸ್‌ಗಳ ಸರಾಸರಿ ಬಹಳ ಓಲಾಡುತ್ತದೆ. ನಿಜವಾದ ಸಾಮರ್ಥ್ಯ ೪೦ ಇರುವವನು ಹತ್ತು ಸಲ ಆಡಿದಾಗ ಅವನ ಸರಾಸರಿ ೨೭ ಆಗಿಯೂ ೫೩ ಆಗಿಯೂ ಕಾಣಿಸಿಕೊಳ್ಳುವುದು ಸ್ವಾಭಾವಿಕ. ನೂರು ಸಲ ಆಡಿದ ಮೇಲೆ ಈ ಓಲಾಟ ೩೬ರಿಂದ ೪೪ರ ಸುಮಾರಿಗೆ ಕುಗ್ಗುತ್ತದೆ.

೧೯೬೯ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ವಿಶ್ವನಾಥರು ತಮ್ಮ ಮೊದಲ ಟೆಸ್ಟಿನ ಮೊದಲ ಇನಿಂಗ್ಸ್‌ನಲ್ಲಿ ಗಳಿಸಿದ್ದು ಸೊನ್ನೆ, ಎರಡನೆಯದರಲ್ಲಿ ೧೩೭. ಮೊದಲ ಇನಿಂಗ್ಸ್ ಮುಗಿದಾಗ ಅವರ ಸರಾಸರಿ ಸೊನ್ನೆಯೇ ಆಗಿತ್ತು. ಅಷ್ಟರಿಂದಲೇ ಅವರನ್ನು ಅಳೆದಿದ್ದರೆ ದೊಡ್ಡ ಪ್ರಮಾದವಾಗುತ್ತಿತ್ತು.

ಪುಣೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಬೇಸಗೆಯ ಶಿಬಿರಗಳಿಗೆ ಬ್ಯಾಟು ಹೆಗಲಿಗೇರಿಸಿಕೊಂಡು ಹೋಗುತ್ತಾರೆ. ಹದಿಮೂರು ವರ್ಷದ ಹುಡುಗನ ಅಥವಾ ಹುಡುಗಿಯ ಆರೇಳು ಇನಿಂಗ್ಸ್‌ಗಳನ್ನು ಕಂಡು ‘ಇವನಿಂದಾಗದು’, ‘ಇವಳಿಗೆ ಕೈ ಕೂಡದು’ ಎಂದು ತೀರ್ಪು ಕೊಡುವ ತಂದೆತಾಯಿಗಳು ಈ ಲೆಕ್ಕವನ್ನು ಮರೆಯಬಾರದು. ಅಂತೆಯೇ ಎರಡು ಶತಕಗಳನ್ನು ನಂಬಿ ಮಗುವಿನ ಓದನ್ನು ಬದಿಗಿಡಿಸುವುದೂ ಅಷ್ಟೇ ಅವಿವೇಕ. ಅಷ್ಟು ಕಡಿಮೆ ಆಟಗಳಲ್ಲಿ ಅದೃಷ್ಟ ಮತ್ತು ಸಾಮರ್ಥ್ಯಗಳನ್ನು ಬೇರ್ಪಡಿಸಲಾಗದು. ಮಗು ಚೆಂಡನ್ನು ನೋಡುವ ಬಗೆ, ಕಾಲ ಚಲನೆ, ಅಭ್ಯಾಸದ ನಿಷ್ಠೆ, ಆಟದಲ್ಲಿ ಪಡುವ ಸಂತೋಷ, ಇವು ಆ ಹಂತದಲ್ಲಿ ಅಂಕಿಗಿಂತ ಹೆಚ್ಚಿನದನ್ನು ಹೇಳುತ್ತವೆ.

ವೈದ್ಯಶಾಸ್ತ್ರದಲ್ಲಿ ‘ಔಟಾಗದೆ’ ಉಳಿದವರು

ಒಂದು ರೋಗಕ್ಕೆ ಹೊಸ ಚಿಕಿತ್ಸೆ ನೀಡಿ ಐದು ವರ್ಷಗಳ ಕಾಲ ರೋಗಿಗಳನ್ನು ಗಮನಿಸುತ್ತಾರೆಂದಿಟ್ಟುಕೊಳ್ಳೋಣ. ಕೆಲವರು ತೀರಿಕೊಳ್ಳುತ್ತಾರೆ. ಕೆಲವರು ಊರು ಬಿಟ್ಟು ಹೋಗುತ್ತಾರೆ. ಅನೇಕರು ಅಧ್ಯಯನ ಮುಗಿದಾಗಲೂ ಬದುಕಿರುತ್ತಾರೆ. ತೀರಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಚಿಕಿತ್ಸೆ ನಿಷ್ಪ್ರಯೋಜಕವೆಂದು ತೋರೀತು. ಬದುಕಿರುವವರ ಆಯುಷ್ಯ ಅಧ್ಯಯನದ ಕೊನೆಯ ದಿನಕ್ಕೇ ಮುಗಿಯಿತೆಂದು ಎಣಿಸುವುದೂ ತಪ್ಪು. ಅವರು ನಿಂಬಾಳ್ಕರರಂತೆ ಔಟಾಗದೆ ಉಳಿದವರು. ೧೯೫೮ರಲ್ಲಿ ಕ್ಯಾಪ್ಲನ್ ಮತ್ತು ಮೇಯರ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು ಇಂತಹವರನ್ನು ನ್ಯಾಯವಾಗಿ ಲೆಕ್ಕಕ್ಕೆ ಸೇರಿಸುವ ವಿಧಾನವೊಂದನ್ನು ಪ್ರಕಟಿಸಿದರು. ಪ್ರತಿ ಹಂತದಲ್ಲಿಯೂ ಆಗ ಉಳಿದಿರುವವರೆಷ್ಟು, ಅವರಲ್ಲಿ ಹೋದವರೆಷ್ಟು ಎಂದು ಕೇಳಿ, ಹಂತ ಹಂತವಾಗಿ ಉಳಿಯುವ ಸಂಭವವನ್ನು ಗುಣಿಸುತ್ತ ಹೋಗುವುದೇ ಅದರ ತಿರುಳು. ಇಂದು ಕ್ಯಾನ್ಸರ್ ಚಿಕಿತ್ಸೆಯ ಅಧ್ಯಯನಗಳಲ್ಲಿ ಈ ವಿಧಾನ ಸರ್ವತ್ರ ಬಳಕೆಯಲ್ಲಿದೆ. ಮುಂದೆ ಇದೇ ವಿಧಾನವನ್ನು ಬ್ಯಾಟಿಂಗ್ ಅಂಕಿಗಳಿಗೂ ಅನ್ವಯಿಸಿದರು.

ಈ ಎರಡು ಲೋಕಗಳನ್ನೂ ಬಲ್ಲ ಒಬ್ಬ ವಿಜ್ಞಾನಿಯ ಬದುಕು ಇಲ್ಲಿ ಸ್ಮರಣೀಯ. ಹಾರ್ವರ್ಡ್ ವಿಶ್ವವಿದ್ಯಾಲಯದ ಸ್ಟೀಫನ್ ಜೇ ಗೂಲ್ಡ್ ಬೇಸ್‌ಬಾಲ್ ಸರಾಸರಿಗಳ ಬಗ್ಗೆ ಗಂಭೀರವಾಗಿ ಬರೆದವರು. ೧೯೮೨ರಲ್ಲಿ ಅವರಿಗೆ ಹೊಟ್ಟೆಯ ಒಂದು ಅಪರೂಪದ ಕ್ಯಾನ್ಸರ್ ಇದೆಯೆಂದು ತಿಳಿದುಬಂತು. ಆ ರೋಗಿಗಳಲ್ಲಿ ಅರ್ಧ ಜನ ಎಂಟು ತಿಂಗಳೊಳಗೆ ಸಾಯುತ್ತಾರೆಂದು ಗ್ರಂಥಗಳು ಹೇಳುತ್ತಿದ್ದವು. ಅರ್ಧ ಜನ ಎಂಟು ತಿಂಗಳು ದಾಟುತ್ತಾರೆಂಬುದೂ ಆ ವಾಕ್ಯದಲ್ಲೇ ಅಡಗಿದೆಯೆಂಬುದನ್ನು ಗೂಲ್ಡ್ ಕಂಡುಕೊಂಡರು. ಮಧ್ಯದ ಅಂಕಿ ಒಬ್ಬ ರೋಗಿಗೆ ವಿಧಿಸಿದ ಗಡುವಲ್ಲ. ಆ ಗೆರೆಯಾಚೆಗಿನವರಲ್ಲಿ ಬಹುಕಾಲ ಬದುಕುವವರೂ ಇರುತ್ತಾರೆ. ಗೂಲ್ಡ್ ಸಮರ್ಥ ಚಿಕಿತ್ಸೆ ಪಡೆದು ಇನ್ನೂ ಇಪ್ಪತ್ತು ವರ್ಷ ಬದುಕಿದರು. ೨೦೦೨ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು. ಎಲ್ಲರಿಗೂ ಹೀಗಾಗುವುದೆಂದು ಇದರ ಅರ್ಥವಲ್ಲ. ಅಂಕಿಯನ್ನು ಪೂರ್ತಿಯಾಗಿ ಓದಬೇಕೆಂದಷ್ಟೇ ಅರ್ಥ.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಪತ್ರಿಕೆಯ ಕ್ರೀಡಾಪುಟದಲ್ಲಾಗಲಿ ವೈದ್ಯರ ಕೊಠಡಿಯಲ್ಲಾಗಲಿ ಸರಾಸರಿಯೊಂದು ಎದುರಾದಾಗ ಓದುಗರು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಒಂದು, ಇದು ಎಷ್ಟು ಸಲದ ಅಥವಾ ಎಷ್ಟು ಜನರ ಲೆಕ್ಕ? ಎರಡು, ಮುಗಿಯದ ಪ್ರಸಂಗಗಳನ್ನು ಹೇಗೆ ಎಣಿಸಲಾಗಿದೆ? ಮೂರು, ಸರಾಸರಿಯ ಆಚೆ ಈಚೆ ಎಷ್ಟು ದೂರದವರೆಗೆ ಅಂಕಿಗಳು ಹರಡಿವೆ? ನಾಲ್ಕು, ಯಾವ ಎದುರಾಳಿ, ಯಾವ ಅಂಗಳ, ಯಾವ ಪರಿಸ್ಥಿತಿ?

ಬ್ರಾಡ್‌ಮನ್ನರು ೧೯೪೮ರಲ್ಲಿ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್‌ಗೆ ಇಳಿದಾಗ ನೂರರ ಸರಾಸರಿಗೆ ನಾಲ್ಕು ರನ್ನು ಸಾಕಾಗಿತ್ತು. ಅವರು ಸೊನ್ನೆಗೆ ಔಟಾದರು, ಸರಾಸರಿ ೯೯.೯೪ರಲ್ಲಿ ನಿಂತಿತು. ಆ ನಾಲ್ಕು ರನ್ನುಗಳಿಂದ ಅವರ ಹಿರಿಮೆಗೆ ಎಳ್ಳಷ್ಟೂ ಕುಂದಾಗಲಿಲ್ಲ. ಅಂಕಿ ಎಷ್ಟರವರೆಗೆ ಹೇಳಬಲ್ಲದೆಂಬುದನ್ನು ತಿಳಿದವರಿಗೆ ೯೯.೯೪ ಮತ್ತು ೧೦೦ರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಿಸದು. ಮಗುವಿನ ಆಟವನ್ನು ನೋಡುವಾಗಲೂ ಮನೆಯವರ ರೋಗದ ವರದಿಯನ್ನು ಓದುವಾಗಲೂ ಇದೇ ಎಚ್ಚರವಿರಲಿ.