ಉಳಿದ 16 ಅಂಕ ಯಾರದು? – ಕಬಡ್ಡಿ ಅಂಗಳದಲ್ಲಿ ತಂಡದಾಟದ ಪಾಠ

ಈ ಸಾಲಿನ ಬೋಧನಾಭ್ಯಾಸದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ನಾನು ವೀಕ್ಷಿಸಿದ ದೈಹಿಕ ಶಿಕ್ಷಣದ ಪಾಠಗಳಲ್ಲಿ ಹೆಚ್ಚಿನವು ಕಬಡ್ಡಿಯವು. ಪಾಠಯೋಜನೆಯ ಉದ್ದೇಶಗಳ ಕಲಂನಲ್ಲಿ ಬಹುತೇಕ ಎಲ್ಲ ಪ್ರಶಿಕ್ಷಣಾರ್ಥಿಗಳೂ ಒಂದೇ ಮಾತು ಬರೆದಿದ್ದರು: ‘ವಿದ್ಯಾರ್ಥಿಗಳಲ್ಲಿ ಒಗ್ಗಟ್ಟಿನ ಮನೋಭಾವ ಬೆಳೆಯುವುದು.’ ಮಾತು ತಪ್ಪಲ್ಲ. ಆದರೆ ಅದು ಬೆಳೆಯಿತೋ ಇಲ್ಲವೋ ಎಂದು ನಲವತ್ತು ನಿಮಿಷದ ಅವಧಿಯ ಕೊನೆಗೆ ಹೇಗೆ ನೋಡುವುದು? ನಾನೂ ವರ್ಷಗಟ್ಟಲೆ ಇದೇ ಮಾತಿನ ಕೆಳಗೆ ಸಹಿ ಹಾಕುತ್ತಾ ಬಂದವನೇ.

ಹೊಳೆನರಸೀಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಪ್ರಾತ್ಯಕ್ಷಿಕೆ ಪಾಠ ಮಾಡಿದೆ. ಒಂದು ತಂಡದಲ್ಲಿ ಒಳ್ಳೆಯ ದಾಳಿಗಾರ್ತಿ ಇದ್ದಳು. ಹೋದಾಗಲೆಲ್ಲ ಒಂದಲ್ಲ ಒಂದು ಅಂಕ ತರುತ್ತಿದ್ದಳು. ಅವಳಿಗೆ ‘ಎ’ ಶ್ರೇಣಿ ಬರೆದೆ. ಎಡ ಕವರ್‌ನಲ್ಲಿ ನಿಂತಿದ್ದ ಹುಡುಗಿ ಇಡೀ ಆಟದಲ್ಲಿ ಯಾರನ್ನೂ ಹಿಡಿಯಲಿಲ್ಲ, ದಾಳಿಗೂ ಹೋಗಲಿಲ್ಲ. ಅವಳಿಗೆ ‘ಸಿ’. ಹಾಳೆ ನೋಡಿದವಳು ಕೇಳಿದಳು: “ಸಾ, ನಾನೇನೂ ಆಡ್ಲೇ ಇಲ್ವಾ?”

ಉತ್ತರ ನನ್ನಲ್ಲಿರಲಿಲ್ಲ. ಅಂಗಳದ ಅಂಚಿನಲ್ಲಿ ಕೂತು ಟಿಪ್ಪಣಿ ಮಾಡಿಕೊಂಡಿದ್ದ ಪ್ರಶಿಕ್ಷಣಾರ್ಥಿಯ ಪುಸ್ತಕದಲ್ಲಿತ್ತು. ಆ ತಂಡ ಐದು ಸಲ ಎದುರಾಳಿಯನ್ನು ಹಿಡಿದಿತ್ತು. ಅದರಲ್ಲಿ ನಾಲ್ಕು ಸಲ ಎಡ ಕಾರ್ನರ್‌ನವಳು ಕಾಲು ಹಿಡಿದ ಕೂಡಲೇ ಈ ಹುಡುಗಿ ಎರಡು ಹೆಜ್ಜೆ ಮುಂದೆ ಬಂದು ಮಧ್ಯಗೆರೆಗೆ ಓಡುವ ದಾರಿ ಮುಚ್ಚಿದ್ದಳು. ದಾರಿ ಕಾಣದೆ ತಡವರಿಸಿದ ದಾಳಿಗಾರ್ತಿಯ ಮೇಲೆ ಉಳಿದವರು ಬಿದ್ದಿದ್ದರು. ನಾನು ಹಿಡಿದ ಕೈಯನ್ನಷ್ಟೇ ನೋಡಿದ್ದೆ.

ಆ ವಾರ ಪಾಠಯೋಜನೆಯನ್ನು ಪೂರಾ ಬದಲಿಸಿ ಅರಕಲಗೂಡಿನ ಕಡೆಯ ಶಾಲೆಯೊಂದರಲ್ಲಿ ಅದೇ ಪ್ರಶಿಕ್ಷಣಾರ್ಥಿಯಿಂದ ಮಾಡಿಸಿದೆವು. ಪೀಠಿಕೆಗೆ ಒಂದು ಲೆಕ್ಕ. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಪ್ರೊ ಕಬಡ್ಡಿ ಆರನೇ ಆವೃತ್ತಿಯ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಮಕ್ಕಳಿಗೆ ಪವನ್ ಹೆಸರು ಗೊತ್ತೇ ಇತ್ತು. ಉಳಿದ 16 ಯಾರದು ಎಂದಾಗ ತರಗತಿ ಮೌನವಾಯಿತು.

ಆಮೇಲೆ ಆಟದ ನಿಯಮದೊಳಗೇ ಕೂತಿರುವ ಸಂಗತಿಗೆ ಬಂದೆವು. ಔಟಾದವನು ತಾನಾಗಿ ಒಳಗೆ ಬರುವಂತಿಲ್ಲ. ತಂಡ ಎದುರಾಳಿಯನ್ನು ಔಟ್ ಮಾಡಿದರೆ ಒಬ್ಬೊಬ್ಬರಂತೆ, ಔಟಾದ ಸರದಿಯಲ್ಲೇ ವಾಪಸು ಬರುತ್ತಾರೆ. ಬೋನಸ್ ಅಂಕಕ್ಕೆ ಯಾರೂ ಒಳಗೆ ಬರುವುದಿಲ್ಲ. ಎಂಥ ದಾಳಿಗಾರನಾದರೂ ಹಿಡಿತಕ್ಕೆ ಸಿಕ್ಕ ಮೇಲೆ ಹೊರಗೆ ಕೂತು ಕಾಯಬೇಕಾದ್ದು ಇನ್ನೊಬ್ಬರ ಆಟವನ್ನು. ಅವನು ಕಾಯುತ್ತಿರುವಾಗ ಉಳಿದವರೂ ಔಟಾದರೆ ಲೋನಾ. ಎದುರಾಳಿಗೆ ಮತ್ತೆರಡು ಅಂಕ. ಒಗ್ಗಟ್ಟಿನ ಮೇಲೆ ಭಾಷಣ ಮಾಡುವ ಬದಲು ಈ ನಿಯಮವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿದರೆ ಸಾಕು ಎಂದು ಈಗ ನನಗನ್ನಿಸುತ್ತದೆ.

ಅಭ್ಯಾಸದಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ಸರಪಳಿ. ಮೊದಲು ದಾಳಿಗಾರ್ತಿ ಬರೀ ನಡೆದು ಬರಬೇಕು. ಕಾರ್ನರ್ ಮತ್ತು ಪಕ್ಕದವಳು ಕೈ ಹಿಡಿದಿರುತ್ತಾರೆ, ಕವರ್ ಅವರಿಬ್ಬರನ್ನು ನೋಡುತ್ತಾ ಸರಿಯುತ್ತಾಳೆ. ಬಾಯಲ್ಲಿ ಕೂಗಿ ಹೇಳಿದರೆ ದಾಳಿಗಾರ್ತಿಗೂ ಕೇಳಿಸುತ್ತದೆ, ಆದ್ದರಿಂದ ಕೈ ಒತ್ತುವುದೇ ಸಂಕೇತ. ಅದು ಸರಿಯಾದ ಮೇಲೆ ನಿಧಾನ ಓಟ, ಕೊನೆಗೆ ‘ಕಬಡ್ಡಿ ಕಬಡ್ಡಿ’ ಎನ್ನುತ್ತಾ 30 ಸೆಕೆಂಡಿನ ಪೂರ್ಣ ದಾಳಿ. ಮೂರು ತಪ್ಪು ಪದೇ ಪದೇ ಕಂಡವು: ಕೈ ಹಿಡಿದವರು ಬೇರೆ ಬೇರೆ ಕಡೆಗೆ ಎಳೆಯುವುದು, ಕಾರ್ನರ್‌ನವಳು ಆತುರಪಟ್ಟು ಹಾರುವುದು, ಒಬ್ಬಳು ಹಿಡಿದಳೆಂದು ಮಿಕ್ಕವರು ನಿಂತು ನೋಡುವುದು. ಮೂರನೆಯದೇ ದೊಡ್ಡದು. ಊರ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲೂ ತಂಡಗಳು ಇದರಿಂದಲೇ ಸೋಲುವುದನ್ನು ನೋಡಿದ್ದೇನೆ.

ಮೌಲ್ಯಮಾಪನದ ಹಾಳೆಗೆ ದಾರಿ ತೋರಿದ್ದು ನಮ್ಮ ಮಕ್ಕಳು ಕಾಣದ ಆಟ, ಐಸ್ ಹಾಕಿ. ನಮ್ಮ ದೇಶದಲ್ಲಿ ಅದನ್ನು ಲಡಾಖ್‌ನಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟಿದ ಕೆರೆಗಳ ಮೇಲೂ ಆಡುತ್ತಾರೆ. ಗೋಲಿಯೂ ಸೇರಿ ಒಂದು ಕಡೆಗೆ ಆರು ಜನ. ವೃತ್ತಿಪರ ಪಂದ್ಯಗಳಲ್ಲಿ ಒಬ್ಬ ಆಟಗಾರ ಒಮ್ಮೆಗೆ ಸುಮಾರು ಮುಕ್ಕಾಲು ನಿಮಿಷ ಆಡಿ ಹೊರಬರುತ್ತಾನೆ. ಆಟ ನಿಲ್ಲದೆಯೇ ಇನ್ನೊಬ್ಬ ಇಳಿಯುತ್ತಾನೆ. ಅಲ್ಲಿ ‘ಪ್ಲಸ್-ಮೈನಸ್’ ಎಂಬ ಲೆಕ್ಕವಿದೆ. ಎರಡೂ ಕಡೆ ಸಮಸಂಖ್ಯೆಯ ಆಟಗಾರರಿರುವಾಗ ಗೋಲು ಬಿದ್ದರೆ, ಹೊಡೆದವನಿಗಷ್ಟೇ ಅಲ್ಲ, ಆ ಹೊತ್ತಿಗೆ ಅಂಗಳದಲ್ಲಿದ್ದ ಅವನ ಜೊತೆಗಾರರಿಗೆಲ್ಲ ಒಂದು ಪ್ಲಸ್. ಗೋಲು ಬಿಟ್ಟುಕೊಟ್ಟವರಿಗೆಲ್ಲ ಒಂದು ಮೈನಸ್. ಇದನ್ನು ಹಾಗೆಯೇ ಎತ್ತಿ ತಂದರೆ ಕಬಡ್ಡಿಗೆ ಒಗ್ಗದು. ಒಳ್ಳೆಯವರ ಜೊತೆ ಸುಮ್ಮನೆ ನಿಂತವನಿಗೂ ಪ್ಲಸ್ ಸಿಕ್ಕಿಬಿಡುತ್ತದೆ. ಹಾಗಾಗಿ ವಿಚಾರವನ್ನಷ್ಟೇ ತೆಗೆದುಕೊಂಡು ‘ಹಿಡಿದವರು’ ಎಂಬ ಕಲಂ ಪಕ್ಕದಲ್ಲಿ ‘ದಾರಿ ಮುಚ್ಚಿದವರು’ ಎಂಬ ಇನ್ನೊಂದನ್ನು ಸೇರಿಸಿದೆವು. ತುಂಬುವ ಕೆಲಸ ಹೊರಗೆ ಕೂತ ಮಕ್ಕಳದು.

ಅಲ್ಲೇ ಪಾಠ ಜೀವ ಪಡೆಯಿತು. “ಅವ್ಳೆಲ್ಲಿ ಮುಚ್ಚಿದ್ಲು, ಸುಮ್ನೆ ನಿಂತಿದ್ಲು” ಎಂದು ಒಬ್ಬಳು, “ನಿಂತಿದ್ದಕ್ಕೇ ಅವ್ಳು ಆ ಕಡೆ ಹೋಗ್ಲಿಲ್ಲ ಕಣೆ” ಎಂದು ಇನ್ನೊಬ್ಬಳು. ಅದುವರೆಗೆ ಅಂಗಳದ ಹೊರಗಿದ್ದವರು ಆಕಳಿಸುತ್ತಿದ್ದರು. ಪ್ರಶಿಕ್ಷಣಾರ್ಥಿ ನಡುವೆ ಬಾಯಿ ಹಾಕದೆ ಜಗಳ ನಡೆಯಲು ಬಿಟ್ಟರು. ನಾನಾಗಿದ್ದರೆ ಸೀಟಿ ಊದುತ್ತಿದ್ದೆ.

ಚನ್ನರಾಯಪಟ್ಟಣದಲ್ಲಿ ಇದೇ ಯೋಜನೆ ಅರ್ಧಕ್ಕೇ ನಿಂತಿತು. ಅರವತ್ತು ಮಕ್ಕಳು, ಒಂದೇ ಅಂಗಳ. ಹಾಳೆಯ ವಿವರಣೆಗೇ ಹದಿನೈದು ನಿಮಿಷ ಹೋಯಿತು. ವಿವರಣೆಯನ್ನು ಹಿಂದಿನ ದಿನ ತರಗತಿಯಲ್ಲೇ ಮುಗಿಸಬೇಕೆಂದು ಯೋಜನೆಯಲ್ಲಿ ತಿದ್ದಿಕೊಂಡಿದ್ದೇವೆ.

ಬರುವ ದಾರಿಯಲ್ಲಿ ಹೊಳೆನರಸೀಪುರದ ಆ ಶಾಲೆಗೆ ಮತ್ತೆ ಹೋದೆ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಹಾಳೆಯಲ್ಲಿ ‘ಸಿ’ ಹೊಡೆದು ‘ಎ’ ಬರೆದು, ಪಕ್ಕದಲ್ಲಿ ಕಾರಣ ನಮೂದಿಸಿ ಸಹಿ ಹಾಕಿದೆ. ಹುಡುಗಿಯನ್ನು ಕರೆಸಿ ತೋರಿಸಿದಾಗ ಕಾರಣವನ್ನು ಎರಡು ಸಲ ಓದಿದಳು. “ಕಾರ್ನರ್‌ನೋಳು ಬಿಗಿಯಾಗಿ ಹಿಡಿದಿದ್ಲು ಸಾ, ಅದಕ್ಕೇ ಆಯ್ತು” ಎಂದಳು.