ಬೆಲೆ ಮತ್ತು ಮೌಲ್ಯ

ಮೌಲ್ಯವಿಚಾರವು ಪಂಡಿತರಿಗೆ ಮಾತ್ರ ಸೇರಿದ್ದೆಂಬ ಭಾವನೆ ನಮ್ಮ ಸಜ್ಜನರಲ್ಲಿ ಬಹುಮಟ್ಟಿಗೆ ಬೇರೂರಿದೆ. ಪಾಠಶಾಲೆಯಲ್ಲಿ ಓದಿದ ನಮ್ಮಂಥವರೇ ಇದಕ್ಕೆ ಕಾರಣರೆಂದರೆ ತಪ್ಪಾಗಲಾರದು. 2018ರ ಅಧಿಕ ಜ್ಯೇಷ್ಠಮಾಸದಲ್ಲಿ ದೇವದುರ್ಗ ತಾಲೂಕಿನ ಒಂದು ಗ್ರಾಮಕ್ಕೆ ನಾವು ಪ್ರವಚನಕ್ಕೆ ಹೋಗಿದ್ದೆವು. ತತ್ತ್ವವು ಸ್ವತಂತ್ರ, ಅಸ್ವತಂತ್ರ ಎಂದು ಎರಡು ಬಗೆಯೆಂಬುದನ್ನು ಲಕ್ಷಣಸಹಿತವಾಗಿ ನಿರೂಪಿಸತೊಡಗಿದೆವು. ಕಾಲುಗಂಟೆ ಕಳೆಯುವಷ್ಟರಲ್ಲಿ ಮುಂದಿನ ಸಾಲಿನವರು ಹತ್ತಿಬೀಜದ ಬೆಲೆಯನ್ನು ಮಾತನಾಡಲಾರಂಭಿಸಿದರು. ನಮಗೆ ಸಿಟ್ಟು ಬಂದಿತು. ರಾತ್ರಿ ಮಲಗಿದಾಗ ವಿಚಾರ ಮಾಡಿದೆವು: ಯಾವುದಕ್ಕೆ ಎಷ್ಟು ಬೆಲೆ, ಆ ಬೆಲೆ ಎಲ್ಲಿಂದ ಬಂತು ಎಂಬುದೇ ಅವರ ಮಾತಾಗಿತ್ತಲ್ಲವೆ? ನಮ್ಮ ವಿಷಯವೂ ಅದೇ ಆಗಿತ್ತು.

ಈ ತೊಡಕು ನಮ್ಮ ಸೀಮೆಗೆ ಹೊಸದಲ್ಲ. ಸಂಸ್ಕೃತ ವಿದ್ವಾಂಸರಾಗಿದ್ದ ಮಾನವಿಯ ಶ್ರೀನಿವಾಸಾಚಾರ್ಯರು, ಕನ್ನಡದಲ್ಲಿ ಹಾಡುತ್ತಿದ್ದ ಶ್ರೀ ವಿಜಯದಾಸರನ್ನು ಮೊದಲು ಲಘುವಾಗಿ ಕಂಡರೆಂದೂ, ಉದರವ್ಯಾಧಿಯಿಂದ ಬಳಲಿ, ಕಡೆಗೆ ಮೊಸರಕಲ್ಲಿನಲ್ಲಿ ಜನಿಸಿದ ಶ್ರೀ ಗೋಪಾಲದಾಸರ ಅನುಗ್ರಹದಿಂದ ಗುಣಹೊಂದಿದರೆಂದೂ ಸಂಪ್ರದಾಯದಲ್ಲಿ ಹೇಳುವರು. ಅವರೇ ಶ್ರೀ ಜಗನ್ನಾಥದಾಸರು (1728–1809). ಈ ಕಥೆಯನ್ನು ಮಹಿಮೆಯೆಂದು ಕೇಳಿ ಕೈಮುಗಿದು ಏಳುತ್ತೇವೆ. ಆಮೇಲೆ ಅವರು ಮಾಡಿದ ಕಾರ್ಯವನ್ನು ಗಮನಿಸಬೇಕು. ಹರಿಕಥಾಮೃತಸಾರವನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದರು. ಆದರೆ ಕನ್ನಡವೆಂದು ಪ್ರಮೇಯವನ್ನು ತೆಳ್ಳಗೆ ಮಾಡಲಿಲ್ಲ. ಭೋಜನರಸವಿಭಾಗ ಸಂಧಿಯಲ್ಲಿ ಅನ್ನ, ತುಪ್ಪ, ಹಾಲು ಮೊದಲಾದವುಗಳಲ್ಲಿ ಭಗವದ್ರೂಪಗಳ ಚಿಂತನೆಯನ್ನು ಹೇಳಿದರು. ತತ್ತ್ವ ಬೇಡವೆನ್ನುವವನಿಗೂ ಊಟ ಬೇಕಷ್ಟೆ.

ಮರುದಿನ ನಾವು ಗ್ರಂಥವನ್ನು ಬಿಚ್ಚದೆ ಒಂದು ಪ್ರಶ್ನೆ ಕೇಳಿದೆವು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಕಾಗದ ಅದೇ, ಬಣ್ಣ ಅದೇ, ಹೋದದ್ದೇನು? ಬೇಳೆಯ ಡಬ್ಬಿಯಲ್ಲಿ ನೋಟು ಬಚ್ಚಿಟ್ಟಿದ್ದ ತಾಯಂದಿರು ಮೊದಲು ನಕ್ಕರು, ಅನಂತರ ಅವರೇ ಉತ್ತರ ಕೊಟ್ಟರು: ಸರಕಾರದ ಮಾತು ಹೋಯಿತು. ಅಂದರೆ ನೋಟಿನ ಮೌಲ್ಯ ಪರಾಧೀನ. ಬಂಗಾರಕ್ಕೆ ಯಾರ ಮಾತೂ ಬೇಡವಲ್ಲ ಎಂದು ಒಬ್ಬರು ಆಕ್ಷೇಪಿಸಿದರು. ಹಟ್ಟಿಯ ಚಿನ್ನದ ಗಣಿ ನಮ್ಮ ಜಿಲ್ಲೆಯಲ್ಲಿಯೇ ಇರುವುದರಿಂದ ಈ ಆಕ್ಷೇಪ ಸಹಜವೇ! ಆದರೆ ರಾಯಚೂರಿನ ವೈಶಾಖದ ಬಿಸಿಲಿನಲ್ಲಿ, ಬಾಯಾರಿದವನ ಮುಂದೆ ಬಂಗಾರದ ಗಟ್ಟಿಯನ್ನೂ ನೀರಿನ ತಂಬಿಗೆಯನ್ನೂ ಇಟ್ಟರೆ ಅವನು ಯಾವುದಕ್ಕೆ ಕೈಚಾಚುವನು? ಬಂಗಾರದ ಬೆಲೆಯೂ ನಮ್ಮ ಬೇಕು-ಬೇಡಗಳನ್ನು ಆಶ್ರಯಿಸಿದೆ. ನೀರು ಪ್ರಾಣಕ್ಕಾಗಿ, ಪ್ರಾಣ ಯಾವುದಕ್ಕಾಗಿ? ಹೀಗೆ ಕೇಳುತ್ತ ಹೋದರೆ ಇನ್ನೊಂದನ್ನು ಆಶ್ರಯಿಸದ ವಸ್ತುವಿನಲ್ಲಿ ನಿಲ್ಲಬೇಕಾಗುತ್ತದೆ. ಶ್ರೀಮದಾಚಾರ್ಯರು ಸ್ವತಂತ್ರನೆಂದು ಹೇಳಿದ್ದು ಆ ಶ್ರೀಹರಿಯನ್ನೇ.

ಹತ್ತಿ ವ್ಯಾಪಾರಿಯೊಬ್ಬರು, ಹಾಗಾದರೆ ಹೆಂಡಿರು ಮಕ್ಕಳು ಹೊಲ ಮನೆ ಎಲ್ಲವೂ ರದ್ದಾದ ನೋಟುಗಳೇ ಏನೆಂದು ಕೇಳಿದರು. ಪ್ರಶ್ನೆ ಬಲವಾಗಿತ್ತು. ದೃಷ್ಟಾಂತವು ಎಲ್ಲ ಅಂಶಗಳಲ್ಲಿಯೂ ಹೊಂದುವುದಿಲ್ಲ. ಅಸ್ವತಂತ್ರವೆಂದರೆ ಅಸತ್ಯವೆಂದು ಅರ್ಥವಲ್ಲ; ನಮ್ಮ ಸಿದ್ಧಾಂತದಲ್ಲಿ ಜಗತ್ತು ಸತ್ಯ. ಮಗುವಿನ ಹಸಿವೂ ಸತ್ಯ, ಅದಕ್ಕಾಗಿ ದುಡಿಯುವ ತಂದೆಯ ಬೆವರೂ ಸತ್ಯ. ಚಲಾವಣೆಯಲ್ಲಿರುವ ನೋಟು ಪರಾಧೀನವಾದರೂ ಅದರಿಂದ ಜೋಳ ಬರುತ್ತದಷ್ಟೆ. ಹೊಲಮನೆಗಳನ್ನು ಅವನು ಕೊಟ್ಟದ್ದೆಂದು ಕಾಪಾಡಬೇಕೇ ಹೊರತು ಅವನಿಗಿಂತ ಹೆಚ್ಚೆಂದು ಎಣಿಸಬಾರದು. ಕಠೋಪನಿಷತ್ತಿನ ಶ್ರೇಯಸ್ಸು ಪ್ರೇಯಸ್ಸುಗಳ ವಿವೇಕವನ್ನು ಇಲ್ಲಿ ಸೇರಿಸಿ ಅಂದಿನ ಪ್ರವಚನ ಮುಗಿಸಿದೆವು.

ಅನಂತರದ ಪಂಕ್ತಿಭೋಜನದಲ್ಲಿ ನಡೆದುದನ್ನು ಬರೆಯಲು ಸಂಕೋಚವಾದರೂ ಬರೆಯಬೇಕು. ಸೇವೆಗೆ ಹೆಚ್ಚು ಹಣ ಕೊಟ್ಟಿದ್ದ ಗೃಹಸ್ಥರು ತಡವಾಗಿ ಬಂದರು. ಅವರ ಎಲೆಗೆ ಮೊದಲು ಬಡಿಸಿರೆಂದು ನಾವೇ ಕೂಗಿ ಹೇಳಿದೆವು. ಬಹಳ ಹೊತ್ತಿನಿಂದ ಕಾದಿದ್ದ ವೃದ್ಧೆಯೊಬ್ಬರು, “ಆಚಾರ್ರ, ಈಗಷ್ಟ ನೋಟಿನ ಮಾತು ಛೊಲೊ ಹೇಳಿದ್ರಿ. ಇಲ್ಲಿ ಯಾವ ನೋಟು ನಡೀತದ?” ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಅನ್ನದ ಪಾತ್ರೆಯನ್ನು ತೆಗೆದುಕೊಂಡು ಅವರ ಸಾಲಿಗೆ ಹೋದೆವು.

ತಾರತಮ್ಯವು ಶಾಸ್ತ್ರಸಿದ್ಧವಾದುದು, ಅದು ಜೀವರ ಸ್ವರೂಪಯೋಗ್ಯತೆಗೆ ಸಂಬಂಧಿಸಿದ್ದು, ಕೈಯಲ್ಲಿರುವ ಧನದಿಂದ ಅಳೆಯತಕ್ಕದ್ದಲ್ಲ ಎಂದು ಮೂರನೆಯ ದಿನ ಹೇಳಿದೆವು. ಆ ವೃದ್ಧೆ ಅಂದು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದರು.