ಬರಹದೊಳಗಿಂದ ಅಕ್ಷರಗಳನ್ನು ಆಯ್ದು ತೆಗೆಯುವ ಪಾಠ

ಗಣಕಯಂತ್ರಕ್ಕೆ ಕ್ರಮವಿಧಿಯನ್ನು ಬರೆಯಲು ಕಲಿಯುವ ಬಾಲಿಕೆಗೆ ಮೊದಮೊದಲು ಕೊಡತಕ್ಕ ಲೆಕ್ಕಗಳಲ್ಲಿ ಒಂದು ಯಾವುದೆಂದರೆ, ಕೊಟ್ಟ ಬರಹದೊಳಗಿಂದ ಬೇಕಾದ ಅಕ್ಷರಗಳನ್ನು ಮಾತ್ರ ಆಯ್ದು ತೆಗೆಯುವುದು. ಸ್ವರಗಳನ್ನು ತೆಗೆ, ಅಂಕೆಗಳನ್ನು ತೆಗೆ, ಹೆಸರಿನ ಮೊದಲನೆಯ ಅಕ್ಷರವನ್ನು ತೆಗೆ ಎಂದು ಪಾಠವು ಹೇಳುತ್ತದೆ. ಅಕ್ಕಿಯನ್ನು ಮೊರದಲ್ಲಿ ಹರಡಿ ಕಲ್ಲನ್ನು ಆರಿಸಿದವರಿಗೆ ಈ ಕೆಲಸದ ರೀತಿಯು ಹೊಸದಲ್ಲ. ಆದರೆ ಇಂಗ್ಲಿಷ್ ಪದಗಳಿಗೆ ಸರಿಹೋಗುವ ವಿಧಿಯನ್ನೇ ನಮ್ಮ ಮಕ್ಕಳು ತಮ್ಮ ಸ್ವಂತ ಹೆಸರಿಗೆ ಅನ್ವಯಿಸಿದರೆ ಉತ್ತರವು ಕೆಡುವುದುಂಟು. ಅದು ಏಕೆ ಕೆಡುತ್ತದೆ, ಹೇಗೆ ನೆಟ್ಟಗಾಗುತ್ತದೆ ಎಂಬುದನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಇಲ್ಲಿ ವಿವರಿಸುವೆವು.

ಯಂತ್ರವು ಅಕ್ಷರದ ರೂಪವನ್ನು ಅರಿಯದು. ಅದಕ್ಕೆ ತಿಳಿದಿರುವುದು ಸಂಖ್ಯೆ ಮಾತ್ರ. 1991ರಲ್ಲಿ ಹೊರಟ ಯೂನಿಕೋಡ್ ಎಂಬ ಸಂಕೇತಪದ್ಧತಿಯು ಲೋಕದ ಅನೇಕ ಲಿಪಿಗಳಿಗೆ ಸಂಖ್ಯೆಗಳನ್ನು ಗೊತ್ತುಮಾಡಿತು. ಅದರಲ್ಲಿ ಕನ್ನಡಕ್ಕೆ ಮೀಸಲಾದುದು 3200ರಿಂದ 3327ರ ವರೆಗಿನ 128 ಸ್ಥಾನಗಳು. ‘ಅ’ ಮೊದಲಾದ ಸ್ವರಗಳು 3205ರಿಂದ 3220ರೊಳಗೂ, ‘ಕ’ ಮೊದಲಾದ ವ್ಯಂಜನಗಳು 3221ರಿಂದ 3257ರೊಳಗೂ, ಕೊಂಬು ಏತ್ವ ಮುಂತಾದ ಸ್ವರಚಿಹ್ನೆಗಳು 3262ರಿಂದ 3276ರೊಳಗೂ, ಕನ್ನಡ ಅಂಕೆಗಳು 3302ರಿಂದ 3311ರೊಳಗೂ ಇರುತ್ತವೆ. ವ್ಯಂಜನದ ಸ್ವರವನ್ನು ಕಳೆಯುವ ಚಿಹ್ನೆಗೆ 3277 ಎಂಬ ಸಂಖ್ಯೆಯಿದೆ.

ಮೊದಲು ಸುಲಭವಾದ ಲೆಕ್ಕವನ್ನು ನೋಡುವ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟವನ್ನಿಳಿಯುವ ರೈಲುದಾರಿಯಲ್ಲಿ ಎಡಕುಮೇರಿ ಎಂಬ ನಿಲ್ದಾಣವುಂಟಷ್ಟೆ. ನಿಲ್ದಾಣದ ಹೆಸರನ್ನು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲಿಯೂ ಒಂದೇ ಸಾಲಾಗಿ ಬರೆದು ಯಂತ್ರಕ್ಕೆ ಕೊಟ್ಟೆವೆನ್ನಿ. ಕನ್ನಡವನ್ನು ಮಾತ್ರ ಆಯಬೇಕಾದರೆ, ಒಂದು ಬರಿದಾದ ಪೆಟ್ಟಿಗೆಯನ್ನು ಇಟ್ಟುಕೊಂಡು, ಎಡದಿಂದ ಬಲಕ್ಕೆ ಒಂದೊಂದೇ ಗುರುತನ್ನು ನೋಡುತ್ತ, ಅದರ ಸಂಖ್ಯೆಯು 3200ಕ್ಕೂ 3327ಕ್ಕೂ ನಡುವೆ ಇದ್ದರೆ ಪೆಟ್ಟಿಗೆಗೆ ಸೇರಿಸುವುದು, ಇಲ್ಲವಾದರೆ ಬಿಡುವುದು. 2304ರಿಂದ ಮೊದಲಾಗುವ ದೇವನಾಗರಿಯೂ 65ರಿಂದ ಮೊದಲಾಗುವ ಇಂಗ್ಲಿಷ್ ಅಕ್ಷರಗಳೂ ತಾವಾಗಿ ಹೊರಗುಳಿಯುವುವು. ಆಯುವ ಕೆಲಸಗಳೆಲ್ಲಕ್ಕೂ ಇದೇ ಮೂಲವಿಧಿ.

ಇನ್ನು ಕಠಿಣವಾದುದು. ‘ಎಡಕುಮೇರಿ’ ಎಂಬಲ್ಲಿ ಅಕ್ಷರಗಳೆಷ್ಟು? ಎ, ಡ, ಕು, ಮೇ, ರಿ ಎಂದು ಐದನ್ನು ಚಿಕ್ಕ ಮಗುವೂ ಎಣಿಸುವುದು. ಪೈಥಾನ್ ಎಂಬ ಕ್ರಮವಿಧಿಭಾಷೆಯನ್ನು ಕೇಳಿದರೆ ಎಂಟು ಎನ್ನುವುದು. ಏಕೆಂದರೆ ಕೊಂಬು, ಏತ್ವದ ದೀರ್ಘ, ಗುಡಿಸು ಇವು ಮೂರನ್ನು ಅದು ಬೇರೆಯಾಗಿ ಎಣಿಸುತ್ತದೆ. ಸ್ವರಗಳನ್ನು ತೆಗೆ ಎಂದು 3205ರಿಂದ 3220ರ ವರೆಗಿನವನ್ನು ಆಯ್ದರೆ ‘ಎ’ ಒಂದೇ ಸಿಕ್ಕುವುದು. ಆದರೆ ವ್ಯಾಕರಣದ ತರಗತಿಯಲ್ಲಿ ಡ್ ಮತ್ತು ಅ ಸೇರಿ ಡ, ಕ್ ಮತ್ತು ಉ ಸೇರಿ ಕು ಎಂದು ನೀವು ಬಿಡಿಸಿ ಬರೆದುದು ನೆನಪಿದೆಯಲ್ಲವೇ? ಆ ಪ್ರಕಾರ ಇಲ್ಲಿರುವ ಸ್ವರಗಳು ಎ, ಅ, ಉ, ಏ, ಇ ಎಂಬ ಐದು. ಇವುಗಳಲ್ಲಿ ‘ಡ’ದೊಳಗಿನ ಅಕಾರಕ್ಕೆ ಯಂತ್ರದಲ್ಲಿ ಪ್ರತ್ಯೇಕ ಸಂಖ್ಯೆಯೇ ಬರೆದಿಲ್ಲ. ಬರೆಯದೆ ಇರುವುದನ್ನು ಆಯುವುದು ಹೇಗೆ?

ವ್ಯಾಕರಣವೇ ಇದಕ್ಕೆ ದಾರಿ ತೋರಿಸುತ್ತದೆ. ಸ್ವರವು ಸಿಕ್ಕಿದರೆ ಅದನ್ನೇ ಪೆಟ್ಟಿಗೆಗೆ ಹಾಕಬೇಕು. ವ್ಯಂಜನವು ಸಿಕ್ಕಿದರೆ ಅದರ ಮುಂದಿನ ಗುರುತನ್ನು ನೋಡಬೇಕು: ಅದು ಸ್ವರಚಿಹ್ನೆಯಾದರೆ ಆ ಸ್ವರವನ್ನು ಹಾಕಬೇಕು, 3277 ಆದರೆ ಏನನ್ನೂ ಹಾಕಬಾರದು, ಇವೆರಡೂ ಅಲ್ಲದಿದ್ದರೆ, ಇಲ್ಲವೆ ಬರಹವೇ ಮುಗಿದಿದ್ದರೆ, ಅಕಾರವನ್ನು ಹಾಕಬೇಕು. ‘ಸುಬ್ರಹ್ಮಣ್ಯ’ಕ್ಕೆ ಈ ವಿಧಿಯನ್ನು ಹಚ್ಚಿದರೆ ಉ, ಅ, ಅ, ಅ ಎಂದು ನಾಲ್ಕು ಸ್ವರಗಳು ಸರಿಯಾಗಿ ದೊರೆಯುತ್ತವೆ, ಯಂತ್ರದ ಎಣಿಕೆಯಲ್ಲಾದರೋ ಆ ಪದಕ್ಕೆ ಗುರುತುಗಳು ಹನ್ನೊಂದು.

ಮೂರು ಎಚ್ಚರಿಕೆಗಳನ್ನು ಹೇಳತಕ್ಕದ್ದಿದೆ. ಮೊದಲನೆಯದು, ‘ಮೇ’ ಎಂಬುದರ ಚಿಹ್ನೆಯನ್ನು 3271 ಎಂಬ ಒಂದೇ ಸಂಖ್ಯೆಯಿಂದಲೂ, 3270 ಮತ್ತು 3285 ಎಂಬ ಎರಡರಿಂದಲೂ ಬರೆಯಬಹುದು. ಕಣ್ಣಿಗೆ ಭೇದವಿಲ್ಲ, ಎಣಿಕೆಗೆ ಉಂಟು. ಆದುದರಿಂದ ಆಯುವುದಕ್ಕೆ ಮುಂಚೆ ಬರಹವನ್ನೆಲ್ಲ ಒಂದೇ ರೀತಿಗೆ ತರಬೇಕು. ಎರಡನೆಯದು, ಹಳಗನ್ನಡದ ‘ೞ’ಕಾರವು ವ್ಯಂಜನಗಳ ಸಾಲಿನಲ್ಲಿಲ್ಲದೆ 3294ರಲ್ಲಿ ಒಂಟಿಯಾಗಿ ಕುಳಿತಿದೆ, ಅದಕ್ಕೆ ‘ಫ’ ಎಂಬರ್ಥದ ತಪ್ಪು ಹೆಸರೂ ಅಂಟಿದೆ. ಹಳೆಯ ಕಾವ್ಯವನ್ನು ಆಯುವವರು ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಮೂರನೆಯದು, ‘ರಾಜ್‌ಕುಮಾರ್’ ಎಂಬಲ್ಲಿ ‘ಜ್’ ಮತ್ತು ‘ಕು’ ಒತ್ತಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತೊಂದಿದೆ. ಅದರ ಸಂಖ್ಯೆ 8204. ಕನ್ನಡದ ಸಾಲಿನಲ್ಲಿಲ್ಲವೆಂದು ಅದನ್ನು ಬಿಟ್ಟರೆ ಹೆಸರಿನ ರೂಪವೇ ಮಾರ್ಪಡುವುದು.

ಇಷ್ಟು ಸೂಕ್ಷ್ಮವೇಕೆಂದು ಕೆಲವರು ಕೇಳಬಹುದು. ‘ಗ್ರೇಸ್’ ಎಂಬ ಹುಡುಗಿಯ ಮೊದಲನೆಯ ಅಕ್ಷರವನ್ನು ಕೇಳಿದರೆ, ಅರಿಯದೆ ಬರೆದ ಕ್ರಮವಿಧಿಯು ‘ಗ’ ಎಂದಷ್ಟೇ ಕೊಡುವುದು. ‘ಗ್ರೇ’ ಎಂದು ಕೊಡಲಾರದು. ಹೆಸರಿಗೆ ಇಷ್ಟೇ ಗುರುತುಗಳೆಂದು ಮಿತಿ ಹಾಕಿದ ಪಟ್ಟಿಗಳಲ್ಲಿ ಒತ್ತೂ ದೀರ್ಘವೂ ಬಿದ್ದುಹೋಗುವುವು. ಪರೀಕ್ಷೆಯ ಪಟ್ಟಿಯಲ್ಲಿ ಒಂದು ಹೆಸರು, ಪಡಿತರದ ಚೀಟಿಯಲ್ಲಿ ಮತ್ತೊಂದು ಹೆಸರು ಆದರೆ, ಅಲೆಯಬೇಕಾದವರು ಆ ಹುಡುಗಿಯೂ ಅವಳ ತಾಯಿಯೂ ಅಲ್ಲವೇ? ಯಂತ್ರಕ್ಕೆ ಅದರಿಂದ ಯಾವ ನಷ್ಟವೂ ಇಲ್ಲ.

ಆದಕಾರಣ ಗಣಕವನ್ನು ಕಲಿಯುವವಳಿಗೆ ಕನ್ನಡ ವ್ಯಾಕರಣವು ಬೇಡವೆಂಬ ಮಾತನ್ನು ನಾವು ಒಪ್ಪಲಾರೆವು. ವರ್ಣವಿಭಾಗವನ್ನು ಬಲ್ಲವಳೇ ಈ ಲೆಕ್ಕವನ್ನು ಸರಿಯಾಗಿ ಮಾಡಬಲ್ಲಳು. ತಾಯಿತಂದೆಗಳು ಸಂಜೆಯ ಹೊತ್ತು ಮಗಳನ್ನು ಹತ್ತಿರ ಕೂರಿಸಿಕೊಂಡು, ಮನೆಯವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು, ಅಕ್ಷರಗಳನ್ನೊಮ್ಮೆ, ಗುರುತುಗಳನ್ನೊಮ್ಮೆ, ಸ್ವರಗಳನ್ನೊಮ್ಮೆ ಎಣಿಸಿ ನೋಡಲಿ. ‘ಸಕಲೇಶಪುರ’ದಿಂದ ಮೊದಲುಮಾಡಬಹುದು: ಅಕ್ಷರಗಳು ಆರು, ಗುರುತುಗಳು ಎಂಟು, ಸ್ವರಗಳು ಆರು. ಅದಕ್ಕೆ ಯಂತ್ರವೂ ಬೇಡ. ಪೆನ್ಸಿಲೂ ತಾಳ್ಮೆಯೂ ಸಾಕು.